ಕೊನೆಗೂ ಮಡಚಿಕೊಂಡ ಹಾಕ್‌ನ ಕಾಲು

ಅಮೆರಿಕದ ಹಳೆಯ ಯುದ್ಧವಿಮಾನ ಕರ್ಟಿಸ್ ಹಾಕ್ 75ರ ಹಾರುವ ಮಾಡೆಲ್ ಮಾಡ್ತೀನಿ ಅಂದಾಗ ನಮ್ಮ ಮಾಡೆಲ್ ವಿಮಾನದ ಗುಂಪಿನಲ್ಲಿ ಯಾರೂ ಬೇಡ ಅನ್ನಲಿಲ್ಲ. ಅಸಲಿನಂತೆ ಅದರ ಕಾಲೂ (ಗಾಲಿ ಇರುವ ಲ್ಯಾಂಡಿಂಗ್ ಗೇರ್) ಮಡಚಿಸ್ತೀನಿ ಅಂದಾಗ ನಕ್ಕರು. "ತಂತಿ ಬಗ್ಗಿಸಿ ಗಾಲಿ ಹಾಕಪ್ಪಾ, ಸಾಕು" ಅಂದರು ಹಿರಿಯರೊಬ್ಬರು. 1942ರ ಜುಲೈನಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದಲೇ ಹಾರಿದ ವಿಮಾನಕ್ಕೆ ತಂತಿ ಕಾಲು ಕಟ್ಟಲು ಮನಸ್ಸಾಗಲಿಲ್ಲ.

ಇದರ ಕಾಲಿನ ಕರಾಮತ್ತು ಗೊತ್ತಲ್ಲ, ಹಿಂದಕ್ಕೆ ಮಡಚುತ್ತಲೇ 90 ಡಿಗ್ರಿ ತಿರುಗಿ, ಗಾಲಿ ರೆಕ್ಕೆಯೊಳಗೆ ಚಪ್ಪಟೆಯಾಗಿ ಮಲಗಬೇಕು. ಈ ವಿದ್ಯೆಗೆ ಕರ್ಟಿಸ್‌ನವರೇ ಬೋಯಿಂಗ್‌ಗೆ ರಾಯಲ್ಟಿ ಕಟ್ಟುತ್ತಿದ್ದರಂತೆ. ನಾನು ಬಿಡಿಭಾಗಗಳ ಅಂಗಡಿ ಸಾಲು, ಬೆಂಗಳೂರಿನ ಎಸ್.ಪಿ. ರೋಡಿಗೆ ಕಟ್ಟಿದೆ.

1:8 ಅಳತೆ, ರೆಕ್ಕೆ 142 ಸೆಂ.ಮೀ. ಡೆಪ್ರಾನ್ ಅನ್ನೋ ಹಗುರ ಫೋಮ್ ಹಾಳೆಯ ಒಡಲು ಎರಡು ವಾರದಲ್ಲಿ ಮುಗಿಯಿತು. ಕಾಲಿಗೆ ನಾಲ್ಕು ತಿಂಗಳು.

ಮೊದಲು ರಿಮೋಟ್ ಆಟಿಕೆ ಕಾರಿನ ಡಿಫರೆನ್ಶಿಯಲ್ ಬಿಚ್ಚಿ ಬೆವೆಲ್ ಗೇರ್ ತೆಗೆದೆ, ಅಂದರೆ ಓರೆ ಹಲ್ಲಿನ ಗೇರ್ ಜೋಡಿ; ಕಾಲು ಮಡಚಿದಾಗ ಗಾಲಿಯನ್ನು ತಿರುಗಿಸುವುದು ಇದೇ. ರೆಕ್ಕೆಗೆ ಬಿಗಿದದ್ದಕ್ಕೆ 16 ಹಲ್ಲು, ಕಾಲಿನದಕ್ಕೆ 10. ಲೆಕ್ಕ ಹಾಕದೆ ಜೋಡಿಸಿದ್ದೆ. ಕಾಲು 90 ಮಡಚುವಷ್ಟರಲ್ಲಿ ಗಾಲಿ 144 ಡಿಗ್ರಿ ತಿರುಗಿ ರೆಕ್ಕೆಯಡಿ ಓರೆಯಾಗಿ ಇಣುಕುತ್ತಿತ್ತು. "ಅಪ್ಪಾ, ಕೋಳಿ ಕಾಲು ಉಳುಕಿದೆ" ಅಂದಳು ಮಗಳು. ಆಮೇಲೆ ಸಮ ಹಲ್ಲಿನ ಹಿತ್ತಾಳೆ ಜೋಡಿ ಹುಡುಕಿದೆ, ಒಂದು ಕಾಲಿಗೆ ಸುಮಾರು 700 ರೂಪಾಯಿ.

ತಿರುಗುವುದು ಸರಿಹೋಯಿತು, ವಿಮಾನ ಇಳಿಸುವುದು ಕೆಟ್ಟಿತು. ನೆಲ ಗಾಲಿಯನ್ನು ಹಿಂದಕ್ಕೆ ತಳ್ಳುತ್ತೆ, ಕಾಲು ಮಡಚುವುದೂ ಹಿಂದಕ್ಕೇ. ಕಾಲು ಮಡಚಿಸುವ ಪುಟ್ಟ ಮೋಟರು, ಪ್ಲಾಸ್ಟಿಕ್ ಗೇರಿನ ಸರ್ವೋ, ಮೊದಲ ಇಳಿತಕ್ಕೇ ಪುಡಿ. ಮೆಟಲ್ ಗೇರ್ ಹಾಕಿದೆ, ಸರ್ವೋ ಉಳಿಯಿತು, ರೆಕ್ಕೆಯ ಮುಖ್ಯ ತೊಲೆ (ಸ್ಪಾರ್) ಕಿತ್ತು ಕೈಗೆ ಬಂತು. ಕೊನೆಗೆ ಸ್ಕ್ರೂ ಮೇಲೆ ಓಡುವ ಎಲೆಕ್ಟ್ರಿಕ್ ರಿಟ್ರ್ಯಾಕ್ಟ್ (ಕಾಲು ಮಡಚಿಸುವ ಸಿದ್ಧ ಯಂತ್ರ) ತಂದು, ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿ, ಪೆಟ್ಟಿಗೆಯನ್ನು ರೆಕ್ಕೆಯ ಎರಡು ಪಕ್ಕೆಲುಬುಗಳಿಗೂ (ರಿಬ್) ಅಂಟಿಸಿದೆ. ನೆಲ ಎಷ್ಟು ತಳ್ಳಿದರೂ ಸ್ಕ್ರೂ ಹಿಮ್ಮುಖ ತಿರುಗಲ್ಲ. ಇನ್ನು ಗೇರಿನ ಸಡಿಲಕ್ಕೆ ಗಾಲಿ ಓಲಾಡುತ್ತಿದ್ದುದನ್ನು ಹೇಗೆ ನಿಲ್ಲಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸೈಕಲ್ ಶಾಪಿನಲ್ಲಿ ಸಿಗುವ ಸಾಮಾನು, ಅಷ್ಟೇ ಹೇಳ್ತೀನಿ.

ನಡುವೆ ಮೂತಿಯ ಎಂಜಿನ್ ಕವಚಕ್ಕೆ (ಕೌಲಿಂಗ್) ಅಡುಗೆಮನೆಯ ಸ್ಟೀಲ್ ಡಬ್ಬಿಯನ್ನೇ ಅಚ್ಚು ಮಾಡಿ ಫೈಬರ್ ಬಟ್ಟೆ ಸುತ್ತಿದೆ. ಕೌಲಿಂಗ್ ಚೆನ್ನಾಗಿ ಬಂತು, ಡಬ್ಬಿ ಬರಲಿಲ್ಲ. ಅಸಲಿನಂತೆ ಮೂರು ಅಲಗಿನ ಪ್ರೊಪೆಲರ್ ಹಾಕಿ ನೋಡಿದೆ, ಬ್ಯಾಟರಿ ಒಂದೂವರೆ ನಿಮಿಷ ಮೊದಲೇ ಖಾಲಿ. ಈಗ ಅದು ಷೋಕೇಸಿಗೆ ಮಾತ್ರ.

ಒಟ್ಟು ಖರ್ಚು 20 ಸಾವಿರದ ಆಸುಪಾಸು, ಅದರಲ್ಲಿ ಮುರಿದದ್ದೇ ಆರೇಳು ಸಾವಿರ. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ.

ಬತ್ತಿದ ಕೆರೆಯಂಗಳದಲ್ಲಿ ಇಲ್ಲಿಯವರೆಗೆ ಹದಿನಾಲ್ಕೋ ಹದಿನೈದೋ ಸಲ ಇಳಿಸಿದ್ದೇನೆ, ನೆಲ ಮುಟ್ಟಿದಾಗ ಕಾಲು ಒಮ್ಮೆಯೂ ಮಡಚಿಲ್ಲ. ಎಡಗಾಲು ಮಾತ್ರ ಬಲಗಾಲಿಗಿಂತ ಅರ್ಧ ಸೆಕೆಂಡ್ ತಡವಾಗಿ ಒಳಗೆ ಹೋಗುತ್ತೆ. ಸರಿ ಮಾಡಬಹುದು. ನೋಡೋಕೆ ಚೆನ್ನಾಗಿದೆ ಅಂತ ಬಿಟ್ಟಿದ್ದೇನೆ.