ಒಂದೇ ಸರ್ವರ್, ಅವರವರದೇ ಡೊಮೈನ್

ಮನೆಯವರಿಗೆ ಮತ್ತು ಕೆಲವು ಗೆಳೆಯರಿಗೆ ನಾನು ಬ್ಲಾಗ್ ನಡೆಸಿಕೊಡುತ್ತೇನೆ. ಅತ್ತೆಯ ಅಡುಗೆ ಬರಹ, ಈಚಿನವರೆಗೆ ಗೆಳೆಯನೊಬ್ಬನ ಅಡಿಕೆ ತೋಟದ ಟಿಪ್ಪಣಿ, ನಿವೃತ್ತ ಮೇಷ್ಟ್ರೊಬ್ಬರ ಹಕ್ಕಿಗಳ ಬ್ಲಾಗ್, ಜೊತೆಗೆ ನನ್ನದು. ಎಲ್ಲವೂ 2 ಜಿಬಿ ಮೆಮೊರಿಯ ಒಂದೇ ಬಾಡಿಗೆ ಸರ್ವರ್‌ನಲ್ಲಿವೆ. ಓದುವವರಿಗೆ ಅದು ಗೊತ್ತಾಗುವುದಿಲ್ಲ, ಯಾಕೆಂದರೆ ಪ್ರತಿ ಬ್ಲಾಗಿಗೂ ಬೇರೆ ಡೊಮೈನ್, ಅಂದರೆ ಬೇರೆ ವೆಬ್ ವಿಳಾಸ. ಸರ್ವರ್ ಹಂಚಿಕೊಳ್ಳಬಹುದು, ವಿಳಾಸ ಮಾತ್ರ ಬರೆಯುವವರದೇ ಆಗಿರಬೇಕು ಅನ್ನುವುದು ನನ್ನ ಪಟ್ಟು.

ಶುರುವಿನಲ್ಲಿ ಎಲ್ಲವೂ ನನ್ನ ಡೊಮೈನ್‌ನ ಸಬ್‌ಡೊಮೈನ್‌ಗಳಾಗಿದ್ದವು, ಅಂದರೆ ನನ್ನ ಡೊಮೈನ್ ಕೆಳಗಿನ ಉಪವಿಳಾಸಗಳು. ಕೆಲಸವೇನೋ ನಡೆಯುತ್ತಿತ್ತು. ಆದರೆ ನಾಳೆ ನಾನು ಇದನ್ನೆಲ್ಲ ನಿಲ್ಲಿಸಿದರೆ ಅತ್ತೆಯ ಅಷ್ಟೂ ಲಿಂಕ್‌ಗಳು ಹೋದವು ಎಂದೇ ಅರ್ಥ, ಅಲ್ವಾ? ಹಾಗಾಗಿ ಅವರವರ ಹೆಸರಿನಲ್ಲೇ, ಅವರವರ ದುಡ್ಡಿನಲ್ಲೇ ಡೊಮೈನ್ ತೆಗೆಸಿದೆ. ನಾನು ಪಕ್ಕದಲ್ಲಿ ಕೂತು ತೋರಿಸಿಕೊಟ್ಟೆ, ಅಷ್ಟೇ. ಒಂದು ಮಾತನ್ನು ಮಾತ್ರ ಎಲ್ಲರಿಗೂ ಒತ್ತಿ ಹೇಳಿದೆ: ಡೊಮೈನ್ ಖಾತೆಗೆ ಕೊಡುವ ಇಮೇಲ್ ಅದೇ ಡೊಮೈನ್‌ನದ್ದಾಗಿರಬಾರದು. ಅವಧಿ ಮುಗಿದು ಡೊಮೈನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ. ಆಮೇಲೆ ಖಾತೆಯೊಳಗೆ ಹೋಗುವುದೇ ಕಷ್ಟ.

ನಾನು ಆರಿಸಿಕೊಂಡಿದ್ದು ವರ್ಡ್‌ಪ್ರೆಸ್ ಮಲ್ಟಿಸೈಟ್, ಅಂದರೆ ಒಂದೇ ವರ್ಡ್‌ಪ್ರೆಸ್‌ನಿಂದ ಹಲವು ಬ್ಲಾಗ್ ನಡೆಸುವ ವ್ಯವಸ್ಥೆ. ಘೋಸ್ಟ್ ಎಂಬ ಇನ್ನೊಂದು ಬ್ಲಾಗ್ ಪ್ರೋಗ್ರಾಂ ಕೂಡ ನೋಡಿದೆ. ಬರೆಯಲು ಚೆನ್ನಾಗಿದೆ, ಆದರೆ ಪ್ರತಿ ಬ್ಲಾಗಿಗೂ ಬೇರೆ ಬೇರೆ ಇನ್‌ಸ್ಟಾಲ್ ಮಾಡಬೇಕು. ಸಣ್ಣ ಸರ್ವರ್‌ಗೆ ಅದು ಜಾಸ್ತಿ ಹೊರೆ. ಮಲ್ಟಿಸೈಟ್‌ನಲ್ಲಿ ಪ್ರೋಗ್ರಾಂ ಒಂದೇ, ಬಳಕೆದಾರರ ಪಟ್ಟಿ ಒಂದೇ. ಡೇಟಾಬೇಸ್‌ನಲ್ಲಿ ಬರಹಗಳ ಟೇಬಲ್ ಮಾತ್ರ ಪ್ರತಿ ಸೈಟಿಗೂ ಬೇರೆ. ಬೇರೆ ಡೊಮೈನ್ ಕೂರಿಸಲು ಮುಂಚೆ ಪ್ಲಗಿನ್ (ಹೊರಗಿನಿಂದ ಸೇರಿಸಿಕೊಳ್ಳುವ ಪ್ರೋಗ್ರಾಂ) ಬೇಕಿತ್ತು. 2016ರಲ್ಲಿ ಬಂದ 4.5 ಆವೃತ್ತಿಯಿಂದ ಅದರ ಅಗತ್ಯ ಇಲ್ಲ. ನೆಟ್‌ವರ್ಕ್ ಅಡ್ಮಿನ್‌ಗೆ ಹೋಗಿ, ಸೈಟ್ ತೆರೆದು, ವಿಳಾಸದ ಜಾಗದಲ್ಲಿ ಹೊಸ ಡೊಮೈನ್ ಬರೆದರೆ ಆಯಿತು.

ಆದರೆ ಅದು ಕಟ್ಟಕಡೆಗೆ ಮಾಡುವ ಕೆಲಸ. ಮೊದಲು ಡಿಎನ್‌ಎಸ್ (ಡೊಮೈನ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುವ ಪಟ್ಟಿ), ಆಮೇಲೆ ಎಂಜಿನ್‌ಎಕ್ಸ್ (ಓದುಗರ ಕೋರಿಕೆಗಳನ್ನು ಮೊದಲು ತೆಗೆದುಕೊಳ್ಳುವ ವೆಬ್ ಸರ್ವರ್ ಪ್ರೋಗ್ರಾಂ), ಆಮೇಲೆ ಸರ್ಟಿಫಿಕೇಟ್ (ಸುರಕ್ಷಿತ ಸಂಪರ್ಕಕ್ಕೆ ಬೇಕಾದದ್ದು), ಕೊನೆಗೆ ವರ್ಡ್‌ಪ್ರೆಸ್. ಉಲ್ಟಾ ಮಾಡಿದರೆ ವರ್ಡ್‌ಪ್ರೆಸ್ ಎಲ್ಲರನ್ನೂ ಇನ್ನೂ ಸಿದ್ಧವಾಗದ ವಿಳಾಸಕ್ಕೆ ಕಳಿಸುತ್ತದೆ.

ಡಿಎನ್‌ಎಸ್‌ನಲ್ಲಿ ಬರೀ ಡೊಮೈನಿಗೆ ಸಿನೇಮ್ ರೆಕಾರ್ಡ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತಿರುಗಿಸುವ ಸಾಲು) ಹಾಕಲು ಬರುವುದಿಲ್ಲ. ಅಲ್ಲಿ ಆಗಲೇ ಡಿಎನ್‌ಎಸ್ ನಡೆಯಲು ಬೇಕಾದ ಎನ್‌ಎಸ್ ಮತ್ತು ಎಸ್‌ಒಎ ರೆಕಾರ್ಡ್‌ಗಳು ಇರುತ್ತವೆ, ಸಿನೇಮ್ ಇನ್ನೊಂದರ ಜೊತೆ ಇರುವಂತಿಲ್ಲ. ಹಾಗಾಗಿ ಎ ರೆಕಾರ್ಡ್‌ನಲ್ಲಿ ಸರ್ವರ್‌ನ ಐಪಿ (ಅಂಕಿಗಳ ವಿಳಾಸ) ಕೊಡಬೇಕು. ಟಿಟಿಎಲ್, ಅಂದರೆ ಹಳೆಯ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು ಹಿಂದಿನ ದಿನವೇ 300 ಸೆಕೆಂಡಿಗೆ ಇಳಿಸಿದ್ದರೆ ಬದಲಾವಣೆ ಬೇಗ ಹರಡುತ್ತದೆ.

ಮೇಷ್ಟ್ರ ಡೊಮೈನ್ ಹಾಕಿದಾಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿ ಕಂಡಿತು. ಅವರು ಮೊಬೈಲ್ ಹಿಡಿದುಕೊಂಡು, "ಇದೇನಪ್ಪಾ, ನನಗೆ ಯಾವುದೋ ಜಾಹೀರಾತು ಬರ್ತಿದೆಯಲ್ಲ?" ಅಂದರು. ಅದೇ ಹೊತ್ತಿಗೆ ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸೇವೆ ಕೂಡ ಒಪ್ಪಲಿಲ್ಲ. ಡಿಎನ್‌ಎಸ್ ಪರೀಕ್ಷಿಸುವ ಡಿಗ್ ಕಮಾಂಡ್‌ನಲ್ಲಿ ಎ ರೆಕಾರ್ಡ್ ಕೇಳಿದೆ, ನನ್ನ ಸರ್ವರ್‌ನ ಐಪಿಯೇ ಬಂತು. ನಾಲ್ಕು ಎ ಇರುವ ರೆಕಾರ್ಡ್, ಅಂದರೆ ಐಪಿವಿ6 (ಹೊಸ ಬಗೆಯ ಐಪಿ) ವಿಳಾಸ ಕೇಳಿದಾಗ ಗುಟ್ಟು ಹೊರಬಿತ್ತು. ಡೊಮೈನ್ ಮಾರಿದವರು ತಮ್ಮ ಜಾಹೀರಾತು ಪುಟದ ಐಪಿವಿ6 ವಿಳಾಸವನ್ನು ಮೊದಲೇ ತುಂಬಿಟ್ಟಿದ್ದರು. ಮೇಷ್ಟ್ರ ಮೊಬೈಲ್ ನೆಟ್‌ವರ್ಕ್ ಐಪಿವಿ6 ಬಳಸುತ್ತಿತ್ತು, ನನ್ನ ಮನೆಯ ಬ್ರಾಡ್‌ಬ್ಯಾಂಡ್ ಬಳಸುತ್ತಿರಲಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಕೂಡ ಎರಡೂ ಇದ್ದಾಗ ಮೊದಲು ಐಪಿವಿ6 ಕಡೆಗೇ ಹೋಗುತ್ತದೆ. ಆ ಒಂದು ಸಾಲು ಅಳಿಸಿದ ಮೇಲೆ ಎರಡೂ ತೊಂದರೆ ಒಟ್ಟಿಗೇ ಹೋಯಿತು. ಈಗ ಹೊಸ ಡೊಮೈನ್ ಸೇರಿಸುವಾಗ ನಾನು ಮೊದಲು ನೋಡುವುದೇ ಇದನ್ನು.

ಸರ್ಟಿಫಿಕೇಟ್ ಪ್ರತಿ ಡೊಮೈನಿಗೂ ಬೇರೆಯೇ ಇರಲಿ ಅನ್ನುತ್ತೇನೆ. ಒಂದೇ ಸರ್ಟಿಫಿಕೇಟ್‌ನಲ್ಲಿ 100 ಹೆಸರುಗಳವರೆಗೆ ಸೇರಿಸಬಹುದು, ನಿಜ. ಆದರೆ ಅವುಗಳಲ್ಲಿ ಒಬ್ಬರು ಡೊಮೈನ್ ನವೀಕರಿಸದೆ ಬಿಟ್ಟರೆ ಎಲ್ಲರ ಸರ್ಟಿಫಿಕೇಟ್ ನವೀಕರಣವೂ ನಿಲ್ಲುತ್ತದೆ. ಒಬ್ಬರ ಮರೆವಿಗೆ ಉಳಿದವರು ಯಾಕೆ ಒದ್ದಾಡಬೇಕು? ಇನ್ನೊಂದು ವಿಷಯ. ಅವಧಿ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್ 2025ರಲ್ಲಿ ನಿಂತುಹೋಯಿತು. ದಿನಾ ಬೆಳಿಗ್ಗೆ ಎಲ್ಲ ಡೊಮೈನ್‌ಗಳ ತಾರೀಕು ನೋಡಿ ನನಗೆ ತಿಳಿಸುವ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ.

ಎಂಜಿನ್‌ಎಕ್ಸ್‌ನಲ್ಲಿ ಬೇರೆ ಹೇಳದಿದ್ದರೆ ಹೆಸರು ಹೊಂದದ ಕೋರಿಕೆಗಳೆಲ್ಲ ಮೊದಲ ಸರ್ವರ್ ಬ್ಲಾಕ್‌ಗೆ (ಒಂದು ಡೊಮೈನಿನ ಸೆಟ್ಟಿಂಗ್ ಬರೆಯುವ ಭಾಗ) ಹೋಗುತ್ತವೆ. ಅಂದರೆ ಯಾರೋ ಗುರುತಿಲ್ಲದವರು ತಮ್ಮ ಡೊಮೈನನ್ನು ನಿಮ್ಮ ಐಪಿಗೆ ತಿರುಗಿಸಿದರೆ ಅದೂ ನಿಮ್ಮ ವರ್ಡ್‌ಪ್ರೆಸ್‌ಗೇ ಬಂದು ಮುಟ್ಟುತ್ತದೆ. ಅದಕ್ಕೇ ಒಂದು ಡೀಫಾಲ್ಟ್ ಬ್ಲಾಕ್ ಮಾಡಿ 444 (ಉತ್ತರ ಕೊಡದೆ ಮುಚ್ಚು ಎಂಬ ಸಂಕೇತ) ಕೊಟ್ಟು ಸಂಪರ್ಕ ಮುಚ್ಚಿಸಿದ್ದೇನೆ. ಹಳೆಯ ಸಬ್‌ಡೊಮೈನ್‌ನ 301 ರೀಡೈರೆಕ್ಟ್ (ಬಂದವರನ್ನು ಹೊಸ ವಿಳಾಸಕ್ಕೆ ಕಾಯಂ ಆಗಿ ಕಳಿಸುವ ಸಾಲು) ಕೂಡ ಇಲ್ಲೇ ಬರೆಯಬೇಕು. ವಿಳಾಸ ಬದಲಾದ ಮೇಲೆ ವರ್ಡ್‌ಪ್ರೆಸ್‌ಗೆ ಹಳೆಯ ಹೆಸರಿನ ಪರಿಚಯವೇ ಇರುವುದಿಲ್ಲ.

ಹೊಸ ಡೊಮೈನ್‌ನಲ್ಲಿ ಲಾಗಿನ್ ಆಗಲು ಹೋದರೆ ಕುಕಿ (ಲಾಗಿನ್ ನೆನಪಿಡಲು ಬ್ರೌಸರ್‌ನಲ್ಲಿ ಇಡುವ ಸಣ್ಣ ಗುರುತು) ತಡೆಯಲಾಗಿದೆ ಎಂಬ ತಕರಾರು ಬರಬಹುದು. ಸಬ್‌ಡೊಮೈನ್ ಮಾದರಿಯ ಮಲ್ಟಿಸೈಟ್ ಎಲ್ಲ ಕುಕಿಗಳನ್ನೂ ಮೂಲ ಡೊಮೈನ್ ಹೆಸರಿಗೆ ಕೊಡುತ್ತದೆ, ಬ್ರೌಸರ್ ಅದನ್ನು ಒಪ್ಪುವುದಿಲ್ಲ. ಕಾನ್ಫಿಗ್ ಫೈಲಿನಲ್ಲಿ ಕುಕಿ ಡೊಮೈನ್‌ಗೆ ಆಯಾ ಕೋರಿಕೆಯ ಹೋಸ್ಟ್ ಹೆಸರನ್ನೇ, ಅಂದರೆ ಆಗ ತೆರೆದ ಡೊಮೈನನ್ನೇ ಕೊಟ್ಟರೆ ಸರಿಹೋಗುತ್ತದೆ.

ಹಳೆಯ ಬರಹಗಳೊಳಗಿನ ಲಿಂಕ್ ಬದಲಿಸಲು ಡೇಟಾಬೇಸ್‌ನಲ್ಲಿ ಸುಮ್ನೆ ಹುಡುಕಿ-ಬದಲಿಸಿ ಮಾಡಬೇಡಿ. ಕೆಲವು ಸೆಟ್ಟಿಂಗ್‌ಗಳಲ್ಲಿ ಪಠ್ಯದ ಜೊತೆ ಅದರ ಉದ್ದವೂ ಬೈಟ್‌ಗಳಲ್ಲಿ ಬರೆದಿರುತ್ತದೆ. ಉದ್ದ ತಪ್ಪಿದರೆ ಆ ಸೆಟ್ಟಿಂಗ್ ಪೂರ್ತಿ ಮಾಯ. ವರ್ಡ್‌ಪ್ರೆಸ್‌ನ ಕಮಾಂಡ್ ಸಾಧನ ಡಬ್ಲ್ಯುಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಕಮಾಂಡ್ ಈ ಲೆಕ್ಕವನ್ನೂ ಸರಿಮಾಡುತ್ತದೆ. ಮೊದಲು ಡ್ರೈ-ರನ್ (ಏನನ್ನೂ ಬದಲಿಸದ ಪರೀಕ್ಷೆ) ಮಾಡಿ ನೋಡಿ.

ಕನ್ನಡದಲ್ಲಿ ಬರೆಯುವವರಿಗೆ ಎರಡು ಮಾತು. ಡಾಟ್ ಭಾರತ ಡೊಮೈನ್ ಈಗ ಕನ್ನಡ ಲಿಪಿಯಲ್ಲೇ ಸಿಗುತ್ತದೆ, ನನಗೆ ಅದು ತುಂಬಾ ಖುಷಿ ಕೊಟ್ಟ ಸಂಗತಿ. ಎಂಜಿನ್‌ಎಕ್ಸ್‌ನಲ್ಲೂ ವರ್ಡ್‌ಪ್ರೆಸ್‌ನಲ್ಲೂ ನಾನು ಅದರ ಪ್ಯೂನಿಕೋಡ್ ರೂಪವನ್ನೇ (ಇಂಗ್ಲಿಷ್ ಅಕ್ಷರಗಳಿಗೆ ತಿರುಗಿಸಿದ ರೂಪ) ಬರೆಯುತ್ತೇನೆ. ಎರಡನೆಯದು ಬರಹದ ಕೊಂಡಿ, ಅಂದರೆ ವಿಳಾಸದಲ್ಲಿ ಡೊಮೈನ್ ಆದ ಮೇಲೆ ಬರುವ ಬರಹದ ಹೆಸರು. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ ಕೊಂಡಿಯಲ್ಲಿ 9 ಅಕ್ಷರವಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್ ಇಟ್ಟುಕೊಳ್ಳುವುದು 200 ಅಕ್ಷರ ಮಾತ್ರ. ಅಂದರೆ 22 ಚಿಹ್ನೆಗಳಾದ ಮೇಲೆ ಕತ್ತರಿ. ಒತ್ತು, ಗುಣಿತ ಎಲ್ಲ ಲೆಕ್ಕಕ್ಕೆ ಬರುವುದರಿಂದ ನಾಲ್ಕೈದು ಪದದ ತಲೆಬರಹವೂ ಹಿಡಿಸುವುದಿಲ್ಲ. ಪ್ರಕಟಿಸುವ ಮುಂಚೆಯೇ ಚಿಕ್ಕ ಕೊಂಡಿ ಕೊಟ್ಟುಬಿಡಿ.

ಅಡಿಕೆ ತೋಟದ ಗೆಳೆಯ ಈಚೆಗೆ ತನ್ನದೇ ಹೋಸ್ಟಿಂಗ್‌ಗೆ ಹೋದ. ಬರಹಗಳ ಎಕ್ಸ್‌ಪೋರ್ಟ್ ಫೈಲ್ ಮತ್ತು ಫೋಟೋಗಳ ಫೋಲ್ಡರ್ ಕೊಟ್ಟೆ. ಮಲ್ಟಿಸೈಟ್‌ನಲ್ಲಿ ಫೋಟೋಗಳು ಅಪ್‌ಲೋಡ್ಸ್ ಒಳಗೆ ಸೈಟ್ಸ್ ಎಂಬ ಫೋಲ್ಡರ್‌ನಲ್ಲಿ, ಆ ಸೈಟಿನ ಸಂಖ್ಯೆಯಡಿ ಇರುತ್ತವೆ. ಹೊಸ ಕಡೆಯೂ ಅದೇ ದಾರಿಯಲ್ಲಿ ಇಡಿಸಿದ್ದರಿಂದ ಬರಹಗಳಲ್ಲಿನ ಫೋಟೋಗಳು ಹಾಗೇ ಕಂಡವು. ಪರ್ಮಾಲಿಂಕ್ (ಬರಹಗಳ ಕಾಯಂ ಲಿಂಕ್) ಮಾದರಿಯನ್ನೂ ಹಾಗೇ ಉಳಿಸಿಕೊಂಡು ಅವನೇ ಎ ರೆಕಾರ್ಡ್ ಬದಲಿಸಿದ. ನನ್ನ ಕಡೆ ಉಳಿದಿದ್ದು ಅವನ ಸರ್ಟಿಫಿಕೇಟನ್ನು ಸರ್ಟಿಫಿಕೇಟ್ ತಾನಾಗೇ ನವೀಕರಿಸುವ ಸರ್ಟ್‌ಬಾಟ್ ಪ್ರೋಗ್ರಾಂನಿಂದ ತೆಗೆಯುವ ಕೆಲಸ. ಇಲ್ಲದಿದ್ದರೆ ಅದು ಪ್ರತಿ ಸಲ ನವೀಕರಣಕ್ಕೆ ಹೋಗಿ ಸೋತು ಬರುತ್ತಿರುತ್ತದೆ.