ಪುನರ್ಪುಳಿ: ಸಿಪ್ಪೆ, ಶರಬತ್ತು, ತುಪ್ಪ

ಹುಣಸೆ ಆಫ್ರಿಕಾ ಮೂಲದ್ದು. ಅದರಂತೆಯೇ ಹುಳಿ ಕೊಡುವ ಪುನರ್ಪುಳಿ (ಮುರುಗಲು, ಕೋಕಂ) ಪಶ್ಚಿಮ ಘಟ್ಟದ್ದೇ ಮರ. ಅಡುಗೆಗೆ ಹುಳಿ, ಪಿತ್ತದ ಗಂಧೆಗೆ ಮನೆಮದ್ದು, ಒಡೆದ ಹಿಮ್ಮಡಿಗೆ ಬೀಜದ ಕೊಬ್ಬಿನ ತುಪ್ಪ, ಹೀಗೆ ಕರಾವಳಿಯ ಮನೆಗಳಲ್ಲಿ ಇದರ ಬಳಕೆ ತಲೆಮಾರುಗಳಿಂದ ಬಂದದ್ದು. ಉಡುಪಿ ಕಡೆ ಹಣ್ಣಾಗುವುದು ಏಪ್ರಿಲ್, ಮೇಯಲ್ಲಿ. ಬೆನ್ನಿಗೇ ಮಳೆ. ಆದ್ದರಿಂದ ಬಿಸಿಲು ನೋಡಿಕೊಂಡೇ ಕೊಯ್ಲು.

ಪೂರ್ತಿ ಕಡುಗೆಂಪಾದ ಹಣ್ಣನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಅರೆಹಣ್ಣಿನ ಸಿಪ್ಪೆಗೆ ಬಣ್ಣ ಬರುವುದಿಲ್ಲ. ತೊಳೆದು, ನೀರಾರಿಸಿ, ಎರಡು ಹೋಳು ಮಾಡಿ, ಬೀಜವನ್ನು ತಿರುಳಿನೊಂದಿಗೆ ಸ್ಟೀಲ್ ಪಾತ್ರೆಗೆ ಬಿಡಿಸುತ್ತೇನೆ. ಅಲ್ಯೂಮಿನಿಯಂ ಬೇಡ, ಹುಳಿ ತಿನ್ನುತ್ತದೆ. ತಿರುಳಿಗೆ ಉಪ್ಪು ಬೆರೆಸಿಟ್ಟರೆ ರಸ ಬಿಡುತ್ತದೆ. ಹಗಲು ಒಣಗಿದ ಸಿಪ್ಪೆಯನ್ನು ರಾತ್ರಿ ಆ ರಸದಲ್ಲಿ ನೆನೆಸಿ ಮರುದಿನ ಮತ್ತೆ ಬಿಸಿಲಿಗೆ. ನಾಲ್ಕೈದು ಸಲ ಹೀಗೆ ಮಾಡಿದರೆ ಸಿಪ್ಪೆ ಕಪ್ಪಾಗಿ, ಹುಳಿ ಗಟ್ಟಿಯಾಗಿ, ವರ್ಷವಿಡೀ ಉಳಿಯುತ್ತದೆ. ಹತ್ತು ಕಿಲೋ ಹಣ್ಣಿಗೆ ಒಣಸಿಪ್ಪೆ ಸುಮಾರು ಒಂದು ಕಿಲೋ, ಅಷ್ಟೇ. ನಡುವೆ ಮೋಡ ಮುಚ್ಚಿದರೆ ರಸಕ್ಕೆ ಅದ್ದುವುದನ್ನು ಅಲ್ಲಿಗೇ ನಿಲ್ಲಿಸಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಕು. ಅರೆ ಒಣಗಿದ್ದನ್ನು ಡಬ್ಬಿಗೆ ತುಂಬಿದರೆ ಬೂಷ್ಟು ಖಂಡಿತ.

ಶರಬತ್ತಿಗೆ ಹಸಿ ಸಿಪ್ಪೆಯೇ ಆಗಬೇಕು. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ, ಭರಣಿಯಲ್ಲಿ ಪದರ ಪದರವಾಗಿ. ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ತಿರುವಿ, ವಾರ ಕಳೆದ ಮೇಲೆ ಸೋಸುವುದು. ಸಕ್ಕರೆ ಕಡಿಮೆಯಾದರೆ ನೊರೆ ಬಂದು ಹುದುಗುತ್ತದೆ. ಕುದಿಸಿದರೆ ಕೆಂಪು ಮಂಕಾಗುತ್ತದೆ, ಬೆಳಕಿಗಿಟ್ಟರೂ ಅದೇ ಗತಿ. ಅಂಗಡಿಯ ಶರಬತ್ತಿನ ಮೇಲೆ ಅನುಮಾನವಿದ್ದರೆ ಒಂದು ಚಮಚಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ: ಹಣ್ಣಿನ ಸಹಜ ಕೆಂಪು ನೀಲಿಗಪ್ಪಿಗೆ ತಿರುಗುತ್ತದೆ. ಕೆಂಪು ಕದಲದೆ ನಿಂತರೆ ಬಣ್ಣ ಬೆರೆಸಿದ್ದಾರೆಂದೇ ನನ್ನ ಲೆಕ್ಕ.

ಬೀಜವನ್ನು ಎಸೆಯುವವರೇ ಹೆಚ್ಚು, ಅದು ನನಗೆ ನಿಜಕ್ಕೂ ಸಂಕಟ. ತೊಳೆದು ಒಣಗಿಸಿ, ಸಿಪ್ಪೆ ಕಳೆದು, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ತೇಲುತ್ತದೆ. ರಾತ್ರಿ ಹಾಗೇ ಬಿಟ್ಟರೆ ಮೇಲೆ ಬಿಳಿ ಗಟ್ಟಿ ಪದರ. ಅದನ್ನು ತೆಗೆದು ಇನ್ನೊಮ್ಮೆ ಕಾಯಿಸಿ ನೀರಿನಂಶ ಪೂರ್ತಿ ಹೋಗಿಸಬೇಕು, ಇಲ್ಲವಾದರೆ ಕಮಟು ವಾಸನೆ. ಈ ತುಪ್ಪ ಕರಗಲು 38ರಿಂದ 40 ಡಿಗ್ರಿ ಬಿಸಿ ಬೇಕಾದ್ದರಿಂದ ಮಂಗಳೂರಿನ ಸೆಕೆಯಲ್ಲೂ ಗಟ್ಟಿಯಾಗಿಯೇ ಇರುತ್ತದೆ.

ಗಿಡ ಮಾಡುವುದಾದರೆ ಬೀಜವನ್ನು ಒಣಗಿಸಬಾರದು, ಹಸಿಯಿರುವಾಗಲೇ ಬಿತ್ತಬೇಕು. ಹೆಣ್ಣು ಗಂಡು ಬೇರೆ ಬೇರೆ ಮರ. ಬೀಜದ ಸಸಿಗಳಲ್ಲಿ ಅರ್ಧದಷ್ಟು ಗಂಡಾಗಬಹುದು, ಹೂ ಬಿಡುವವರೆಗೆ ಗೊತ್ತಾಗದು. ಹೆಣ್ಣು ಮರದ ಕಸಿಯೇ ಲೇಸು. ಕಸಿ ಕಡ್ಡಿಯನ್ನು ನೆಟ್ಟಗೆ ಮೇಲೇರುವ ಚಿಗುರಿನಿಂದ ಆರಿಸಬೇಕು. ಅಡ್ಡ ಕೊಂಬೆಯದಾದರೆ ಗಿಡ ಎತ್ತರಕ್ಕೆ ಹೋಗದೆ ನೆಲದ ಮೇಲೇ ಹರಡುತ್ತದೆ.