ಹಿಮಖಂಡದ ಮ್ಯಾರಥಾನ್‌ಗೆ ಕಾರವಾರದಲ್ಲೇ ತಯಾರಿ

ಅಂಟಾರ್ಕ್ಟಿಕದ ಯೂನಿಯನ್ ಗ್ಲೇಸಿಯರ್ ಎಂಬ ಹಿಮನದಿಯ ಮೇಲೆ 42.195 ಕಿ.ಮೀ. ಓಡಲು ಬಯಸುವ ಬಳಗದ ಗೆಳೆಯರು ನಮ್ಮ ಟ್ಯಾಗೋರ್ ಕಡಲತೀರದಲ್ಲಿ ಅಲೆ ತಾಗಿ ಗಟ್ಟಿಯಾದ ಮರಳನ್ನು ಬಿಟ್ಟು, ಕಾಲು ಹೂತುಹೋಗುವ ಒಣ ಮರಳಿನಲ್ಲಿಯೇ ಅಭ್ಯಾಸ ಮಾಡಬೇಕೆಂದು ಕೋರುತ್ತೇನೆ. ಸಡಿಲ ಹಿಮದಲ್ಲಿ ಮೀನಖಂಡಗಳಿಗೆ ಬೀಳುವ ಶ್ರಮಕ್ಕೆ ಇದಕ್ಕಿಂತ ಹತ್ತಿರದ ನೆಲ ಇಲ್ಲಿಲ್ಲ. ಅಲ್ಲಿ ಚಳಿಯಷ್ಟೇ ಬೆವರೂ ಅಪಾಯಕಾರಿ. ಕರಾವಳಿಯ ಸೆಕೆಗೆ ಒಗ್ಗಿದ ನಮಗೆ ಇದು ಬೇಗ ಹೊಳೆಯುವುದಿಲ್ಲ. ಒದ್ದೆಯಾದ ಹತ್ತಿಬಟ್ಟೆಯು ಮೈಯ ಶಾಖವನ್ನು ಕಸಿಯುವುದರಿಂದ, ಒಳಗೆ ತೆಳುವಾದ ಉಣ್ಣೆಯ ಬನಿಯನ್ನನ್ನೂ ಹೊರಗೆ ಗಾಳಿ ತಡೆಯುವ ಜಾಕೆಟ್ಟನ್ನೂ ಧರಿಸಿ, ಬೆವರು ಮೂಡುವ ಮೊದಲೇ ಜಿಪ್ ಸಡಿಲಿಸಿ ವೇಗ ತಗ್ಗಿಸಬೇಕು. ಚಿಲಿಯ ಪುಂಟಾ ಅರೆನಾಸ್‌ನಿಂದ ಹೊರಡುವ ವಿಮಾನವು ಹಿಮ ಹೊದಿಯದ ಗಟ್ಟಿ ನೀಲಿ ಮಂಜುಗಡ್ಡೆಯ ಮೇಲೆಯೇ ಇಳಿಯಬೇಕಾದ್ದರಿಂದ, ಹವಾಮಾನ ಕೆಟ್ಟರೆ ದಿನಗಟ್ಟಲೆ ಕಾಯಬೇಕಾದೀತು. ಆಗ ಹೊಸ ಕಸರತ್ತು ಬೇಡ. ನಿತ್ಯ ಅರ್ಧ ಗಂಟೆ ನಿಧಾನವಾಗಿ ಓಡಿದರೆ ಸಾಕು. ಮರಳುವ ಟಿಕೆಟ್ಟನ್ನು ಮಾತ್ರ ದಿನಾಂಕ ಬದಲಿಸಬಹುದಾದಂಥದ್ದನ್ನೇ ಕೊಳ್ಳಿರಿ.